ಬಹಳ ವರ್ಷದ ಮೇಲೆ ಬೇಸ್ ಗಿಟಾರ್ ಮತ್ತೆ ಹಿಡಿಯುವವರಿಗೆ: ಮೊದಲು ವಾದ್ಯ, ಆಮೇಲೆ ಕೈ, ಕೊನೆಗೆ ಮೇಳ

ಅಟ್ಟದಿಂದಲೋ ಕಪಾಟಿನ ಹಿಂದಿನಿಂದಲೋ ಬೇಸ್ ಇಳಿಸಿದವರು ಮೊದಲ ದಿನವೇ ಒಂದು ತಪ್ಪು ಮಾಡುತ್ತಾರೆ. ಹಿಂದೆ ರಸಮಂಜರಿಯಲ್ಲಿ ಚಪ್ಪಾಳೆ ಗಿಟ್ಟಿಸಿದ ಹಾಡನ್ನೇ ನುಡಿಸಿ ನೋಡುತ್ತಾರೆ. ಅರ್ಧ ಹಾಡಿಗೆ ಮುಂಗೈ ಸೆಡೆತು ಹೋಗುತ್ತದೆ, ತಂತಿ ಝರ್ ಎನ್ನುತ್ತದೆ, ಬೆರಳ ತುದಿ ಉರಿಯುತ್ತದೆ. "ಕೈ ಹೋತು ಬಿಡ್ರಿ" ಎಂದು ವಾದ್ಯ ಮತ್ತೆ ಗವಸು ಸೇರುತ್ತದೆ.

ಕೈ ಹೋಗಿರುವುದಿಲ್ಲ. ಯಾವ ಸ್ವರ ಎಲ್ಲಿದೆ ಎಂಬುದು ತಲೆಯಲ್ಲಿ ಹಾಗೇ ಇರುತ್ತದೆ, ಹಾಡಿನ ನಡೆ ಕಿವಿಯಲ್ಲಿರುತ್ತದೆ. ಕಳೆದುಕೊಂಡಿರುವುದು ಬೆರಳ ತುದಿಯ ಜಡ್ಡು ಮತ್ತು ಮುಂಗೈ ಸ್ನಾಯುವಿನ ತಾಳಿಕೆ, ಎರಡೇ. ಅದರ ಮೇಲೆ, ವರ್ಷಗಟ್ಟಲೆ ನಿಂತ ವಾದ್ಯದ ನೆಕ್ (ಉದ್ದನೆಯ ಕತ್ತು) ಬಾಗಿ ತಂತಿ ಮೇಲೆದ್ದಿರುತ್ತದೆ. ವಾದ್ಯದ ದೋಷವನ್ನು ಕೈಯ ತಲೆಗೆ ಕಟ್ಟುವುದೇ ಬಿಟ್ಟುಬಿಡಲು ದೊಡ್ಡ ಕಾರಣ. ಹಾಗಾಗಿ ಮೊದಲ ವಾರ ನುಡಿಸುವುದಕ್ಕಿಂತ ರಿಪೇರಿಗೆ ಹೆಚ್ಚು ಸಮಯ ಕೊಡಿ.

ಇಳಿಸಿದ ದಿನ ಬರೀ ನೋಡಿ

ತಂತಿಯನ್ನು ತಕ್ಷಣ ಸುರಕ್ಕೆ ಎಳೆಯಬೇಡಿ. ಸಾಧಾರಣ ದಪ್ಪದ ನಾಲ್ಕು ತಂತಿ ಸುರಕ್ಕೆ ಬಂದಾಗ ನೆಕ್ ಮೇಲೆ ಸುಮಾರು 80 ಕಿಲೋ ಎಳೆತ ಬೀಳುತ್ತದೆ, ಕ್ವಿಂಟಲ್ ಜೋಳದ ಚೀಲಕ್ಕೆ ತುಸುವೇ ಕಡಿಮೆ. ತುಕ್ಕು ಹಿಡಿದ ತಂತಿ ಹರಿದು ಮುಖಕ್ಕೆ ಬಡಿಯಬಹುದು.

ವಾದ್ಯವನ್ನು ಬೆಳಕಿಗೆ ಹಿಡಿದು, ಬಾಡಿಯ ಕಡೆಯಿಂದ ನೆಕ್ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ಬಡಿಗ ಪಟ್ಟಿ ನೋಡುವ ಹಾಗೆ. ತುಸು ಒಳಬಾಗಿದ್ದರೆ ಚಿಂತೆ ಇಲ್ಲ. ಹಗ್ಗದಂತೆ ತಿರುಚಿದ್ದರೆ, ಅಂದರೆ ಒಂದು ಅಂಚು ಮೇಲೆ ಇನ್ನೊಂದು ಕೆಳಗೆ ಇದ್ದರೆ, ಮನೆಯಲ್ಲಿ ಸರಿಹೋಗುವುದಿಲ್ಲ. ತಲೆ ಸೇರುವ ಜಾಗದಲ್ಲಿ ಕೂದಲೆಳೆಯ ಬಿರುಕಿದೆಯೇ, ತಂತಿಯ ಬುಡ ಕಟ್ಟುವ ಬ್ರಿಜ್ ಮೇಲೆದ್ದಿದೆಯೇ, ಮರದಲ್ಲಿ ಸಣ್ಣ ತೂತು ಮತ್ತು ಹಿಟ್ಟಿನಂಥ ಪುಡಿ ಕಾಣುತ್ತದೆಯೇ ನೋಡಿ. ಪುಡಿ ಇದ್ದರೆ ಹುಳ ಕೊರೆಯುತ್ತಿದೆ, ಮೊದಲು ಅದರ ಔಷಧ. ಹಿಂದೆ ಬ್ಯಾಟರಿ ಗೂಡಿದ್ದರೆ ತೆಗೆದು ನೋಡಿ. ಹಳೆಯ 9 ವೋಲ್ಟ್ ಬ್ಯಾಟರಿ ಸೋರಿ ಕ್ಲಿಪ್ ತಿಂದಿರುವುದು ತೀರಾ ಸಾಮಾನ್ಯ. ಕ್ಲಿಪ್ ಬದಲಿಸುವುದು ಕೆಲವೇ ರೂಪಾಯಿಯ ಕೆಲಸ.

ಧಾರವಾಡದ ಮಳೆಗಾಲದ ಹಸಿ ಹವೆಗೂ ಗದಗದ ಏಪ್ರಿಲ್ ಜಳಕ್ಕೂ ಬಹಳ ಫರಕು. ಧಾರವಾಡದಲ್ಲಿ ಇಟ್ಟ ವಾದ್ಯಕ್ಕೆ ಬೂಷ್ಟು, ತುಕ್ಕು ಹೆಚ್ಚು. ಗದಗದ ಕಡೆ ಮರ ಒಣಗಿ ಕುಗ್ಗಿ ಫ್ರೆಟ್‌ಗಳ (ನೆಕ್ ಮೇಲಿನ ಅಡ್ಡ ಲೋಹದ ಕಂಬಿಗಳ) ತುದಿ ಅಂಚಿನಿಂದ ಹೊರಚಾಚಿ ಅಂಗೈ ಗೀರುತ್ತವೆ. ಹೊರಬಂದ ತುದಿಯನ್ನು ಸಣ್ಣ ಅರದಿಂದ ನೆಕ್ ಅಂಚಿನ ಉದ್ದಕ್ಕೆ ಮೆಲ್ಲಗೆ ಉಜ್ಜಿದರೆ ಸಾಕು. ಆದರೆ ಆ ಕೆಲಸ ಬೇಸಿಗೆಯಲ್ಲೇ ಆಗಬೇಕು, ಮಳೆಗಾಲದಲ್ಲಿ ಮರ ಉಬ್ಬಿ ತುದಿ ಮತ್ತೆ ಒಳಗೆ ಹೋಗಿರುತ್ತದೆ.

ಕೊಳ್ಳಬೇಕಾದದ್ದು

ಲಾಂಗ್ ಸ್ಕೇಲ್ ತಂತಿ ಒಂದು ಸೆಟ್, 45 ರಿಂದ 105 ಗೇಜಿನದು (ಗೇಜ್ ಅಂದರೆ ತಂತಿಯ ದಪ್ಪ). ಬೆರಳು ಬಿಗಿಯಿದ್ದರೆ 40 ರಿಂದ 100 ತಗೊಳ್ಳಿ, ಎಳೆತ ಕಡಿಮೆ. ಕೊಳ್ಳುವ ಮುನ್ನ ತಲೆಯ ಬಳಿಯ ನಟ್‌ನಿಂದ, ತಂತಿ ಕೂರುವ ಬ್ರಿಜ್ ಸ್ಯಾಡಲ್‌ವರೆಗೆ ಅಳೆಯಿರಿ: 34 ಇಂಚು, ಅಂದರೆ 864 ಮಿಮೀ ಇದ್ದರೆ ಲಾಂಗ್ ಸ್ಕೇಲ್, 30 ಇಂಚಿನ ಸುತ್ತಮುತ್ತ ಇದ್ದರೆ ಶಾರ್ಟ್ ಸ್ಕೇಲ್ ತಂತಿಯೇ ಬೇಕು. ಗಿಟಾರ್ ತಂತಿ ಇಟ್ಟ ಅಂಗಡಿಯಲ್ಲೆಲ್ಲ ಬೇಸ್ ತಂತಿ ಇರುವುದಿಲ್ಲ. ಹಾವೇರಿ, ಗದಗದಿಂದ ಹುಬ್ಬಳ್ಳಿಗೆ ಹೊರಡುವ ಮುಂಚೆ ಒಂದು ಫೋನ್ ಮಾಡಿ ಕೇಳಿ.

ಇನ್ನು ಮಿಮೀ ಮತ್ತು ಇಂಚು ಎರಡೂ ಅಳತೆಯ ಎಲೆನ್ ಕೀ ಸೆಟ್, ಸ್ಟಾರ್ ಸ್ಕ್ರೂಡ್ರೈವರ್, ಅರ್ಧ ಮಿಮೀ ಗೆರೆಯಿರುವ ಸ್ಟೀಲ್ ಪಟ್ಟಿ, ಕಾಂಟ್ಯಾಕ್ಟ್ ಕ್ಲೀನರ್, ಐಸೊಪ್ರೊಪೈಲ್ ಆಲ್ಕೋಹಾಲ್, ಮಾಸ್ಕಿಂಗ್ ಟೇಪ್, ನಾಲ್ಕು ಸೊನ್ನೆಯ ಸ್ಟೀಲ್ ವುಲ್, ಹಳೆಯ ಬನಿಯನ್ ಬಟ್ಟೆ, 3 ಮೀಟರಿನ ಕೇಬಲ್ ಒಂದು. ಸಂದು ಅಳೆಯುವ ಫೀಲರ್ ಗೇಜಿಗೆ ಸಂಗೀತದ ಅಂಗಡಿ ಹುಡುಕಬೇಡಿ. ಬೈಕಿನ ಟ್ಯಾಪೆಟ್ ಸೆಟ್ ಮಾಡುವ ಗೇಜ್ ಅದೇ, ಯಾವ ಆಟೋ ಸ್ಪೇರ್ ಅಂಗಡಿಯಲ್ಲೂ ಸಿಗುತ್ತದೆ.

ತೊಳೆಯುವುದು, ತಂತಿ ಹಾಕುವುದು

ಹಳೆಯ ತಂತಿಯನ್ನು ಸಡಿಲಿಸಿದ ಮೇಲೆಯೇ ಕತ್ತರಿಸಿ. ತಂತಿಯ ಕಂಪನ ಹಿಡಿಯುವ ಪಿಕಪ್‌ಗಳನ್ನು ಮಾಸ್ಕಿಂಗ್ ಟೇಪಿನಿಂದ ಪೂರ್ತಿ ಮುಚ್ಚಿ, ಆಮೇಲೆ ಸ್ಟೀಲ್ ವುಲ್‌ನಿಂದ ಫ್ರೆಟ್‌ಗಳನ್ನು ಉಜ್ಜಿ. ಟೇಪ್ ಮರೆತರೆ ಕಬ್ಬಿಣದ ಹುಡಿ ಪಿಕಪ್ ಅಯಸ್ಕಾಂತಕ್ಕೆ ಅಂಟುತ್ತದೆ, ತೆಗೆಯುವುದು ಕಷ್ಟ. ಕಂದು ಬಣ್ಣದ ರೋಸ್‌ವುಡ್ ಹಲಗೆಯಾದರೆ ಒರೆಸಿ ನಾಲ್ಕೈದು ಹನಿ ಮಿನರಲ್ ಆಯಿಲ್ ಹಚ್ಚಿ, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ತೆಗೆಯಿರಿ. ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಬೇಡ. ಅವು ಹಳಸಿ ಜಿಗುಟಾಗುತ್ತವೆ. ಹೊಳಪು ಹೊಡೆದ ತಿಳಿ ಹಳದಿ ಮೇಪಲ್ ಹಲಗೆಗೆ ಎಣ್ಣೆಯೇ ಬೇಡ, ಹಸಿ ಬಟ್ಟೆ ಸಾಕು. ಸ್ಟೀಲ್ ವುಲ್ ಅದರ ಹೊಳಪು ಕೆಡಿಸುವುದರಿಂದ ಫ್ರೆಟ್‌ಗಳ ನಡುವೆಯೂ ಟೇಪ್ ಹಚ್ಚಿಕೊಳ್ಳಿ.

ತಂತಿ ಕತ್ತರಿಸುವಲ್ಲಿ ಅವಸರ ಮಾಡಿದರೆ ಸೆಟ್ಟೇ ಹಾಳು. ತಂತಿಯನ್ನು ಬ್ರಿಜ್‌ನಿಂದ ಎಳೆದು, ಅದನ್ನು ಸುತ್ತುವ ತಲೆಯ ಕಂಬದ ಆಚೆ ಸುಮಾರು 10 ರಿಂದ 12 ಸೆಂಮೀ ಬಿಡಿ. ಕತ್ತರಿಸುವ ಜಾಗದಲ್ಲಿ ಮೊದಲು ತೊಂಬತ್ತು ಡಿಗ್ರಿ ಮಡಚಿ, ಮಡಿಕೆಯ ಆಚೆ ಕತ್ತರಿಸಿ. ಮಡಚದೆ ಕತ್ತರಿಸಿದರೆ ಒಳಗಿನ ಕಂಬಿಯ ಮೇಲಿನ ಸುತ್ತು ಸಡಿಲವಾಗಿ ತಂತಿ ಸತ್ತ ದನಿ ಕೊಡುತ್ತದೆ. ತುದಿಯನ್ನು ಕಂಬದ ನಡುವಿನ ತೂತಿಗೆ ಇಳಿಸಿ, ಕೆಳಮುಖವಾಗಿ ಎರಡೂವರೆಯಿಂದ ಮೂರು ಸುತ್ತು ಬರಲಿ. ಸುತ್ತು ಕೆಳಗಿಳಿದಷ್ಟೂ ತಂತಿ ನಟ್ ಮೇಲೆ ಗಟ್ಟಿಯಾಗಿ ಕೂರುತ್ತದೆ.

ಸುರ, ದಪ್ಪ ತಂತಿಯಿಂದ ಸಣ್ಣದಕ್ಕೆ, ಕ್ರಮವಾಗಿ ಇ, ಎ, ಡಿ, ಜಿ: 41.2, 55, 73.4, 98 ಹರ್ಟ್ಸ್. ಫೋನಿನ ಟ್ಯೂನರ್ ಇ ತಂತಿಯನ್ನು ಹಿಡಿಯಲು ತಡವರಿಸುತ್ತದೆ, ಅಷ್ಟು ಕೆಳಗಿನ ದನಿ ಫೋನಿನ ಮೈಕಿಗೆ ಸರಿಯಾಗಿ ಮುಟ್ಟುವುದಿಲ್ಲ. 12ನೇ ಫ್ರೆಟ್ ಕಂಬಿಯ ನೇರ ಮೇಲೆ ಬೆರಳು ಒತ್ತದೆ ಬರೀ ತಾಗಿಸಿ ಹಾರ್ಮೋನಿಕ್ ತೆಗೆದು ತೋರಿಸಿ, ತಕ್ಷಣ ಓದುತ್ತದೆ.

ಹಳೆಯ ತಂತಿಯನ್ನೇ ನೀರಲ್ಲಿ ಕುದಿಸಿ ಹಾಕುವ ಪದ್ಧತಿ ಇದೆ. ಕೊಳೆ ಬಿಟ್ಟು ಹೊಳಪು ಬರುತ್ತದೆ, ಕೆಲವು ದಿನಕ್ಕೆ ಮತ್ತೆ ಮೊದಲಿನಂತೆ. ತುಕ್ಕು ಹಿಡಿದದ್ದಕ್ಕೆ ಆ ಕಷ್ಟ ಬೇಡ. ಇನ್ನು ಮಂದ ದನಿಯೇ ಇಷ್ಟವಾದರೆ ನುಣುಪು ಸುತ್ತಿನ ಫ್ಲ್ಯಾಟ್‌ವೌಂಡ್ ಹಾಕಿ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ ಫ್ಲ್ಯಾಟ್‌ವೌಂಡ್ ಹಾಕಿ ಅವನ್ನು ಬದಲಿಸುವ ಗೋಜಿಗೇ ಹೋಗುತ್ತಿರಲಿಲ್ಲ. ನುಣುಪು ತಂತಿ ಎಳೆಯ ಬೆರಳ ತುದಿಯನ್ನು ಕಡಿಮೆ ಸವೆಸುತ್ತದೆ, ಮರಳಿ ಬರುವವರಿಗೆ ಇದೊಂದು ಲಾಭ. ಆದರೆ ಎಳೆತ ತುಸು ಹೆಚ್ಚು.

ಸೆಟಪ್: ಕ್ರಮ ತಪ್ಪಬಾರದು

ತಂತಿ, ಸುರ, ನೆಕ್, ತಂತಿಯ ಎತ್ತರ, ಇಂಟೊನೇಶನ್, ಪಿಕಪ್. ಇದೇ ಕ್ರಮ. ಪ್ರತಿಯೊಂದೂ ಹಿಂದಿನದರ ಮೇಲೆ ನಿಂತಿದೆ. ನೆಕ್ ಸರಿಮಾಡದೆ ಸ್ಯಾಡಲ್ ಇಳಿಸಿದವರು ನಾಳೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.

1. ಹೊಸ ತಂತಿ ಸುರಕ್ಕೆ ತಂದು ಒಂದು ರಾತ್ರಿ ಬಿಡಿ. ಮರುದಿನ ಮತ್ತೆ ಸುರಕ್ಕೆ ತನ್ನಿ.

2. ಇ ತಂತಿಯನ್ನು 1ನೇ ಫ್ರೆಟ್‌ನಲ್ಲಿ ಕ್ಯಾಪೊ (ತಂತಿ ಒತ್ತಿಹಿಡಿಯುವ ಕ್ಲಿಪ್) ಹಾಕಿ ಒತ್ತಿ, ನೆಕ್ ಬಾಡಿ ಸೇರುವ ಫ್ರೆಟ್‌ನಲ್ಲಿ ಬೆರಳಿಂದ ಒತ್ತಿ. ಈಗ ತಂತಿಯೇ ನೇರ ಪಟ್ಟಿ. 7 ಅಥವಾ 8ನೇ ಫ್ರೆಟ್ ಮೇಲೆ ಸಂದು 0.30 ರಿಂದ 0.35 ಮಿಮೀ ಇರಬೇಕು. ಗೇಜ್ ಇಲ್ಲದಿದ್ದರೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪ.

3. ಸಂದು ಹೆಚ್ಚಿದ್ದರೆ ನೆಕ್ ಒಳಗಿನ ಟ್ರಸ್ ರಾಡ್ ತಿರುಪನ್ನು ಬಲಕ್ಕೆ, ಗಡಿಯಾರದ ದಿಕ್ಕಿಗೆ ಬಿಗಿ ಮಾಡಿ. ಸಂದೇ ಇಲ್ಲದಿದ್ದರೆ ಎಡಕ್ಕೆ ಸಡಿಲಿಸಿ. ಒಂದು ಸಲಕ್ಕೆ ಎಂಟನೇ ಒಂದು ಸುತ್ತು, ಬಹಳವೆಂದರೆ ಕಾಲು ಸುತ್ತು. ಮತ್ತೆ ಸುರ, ಮತ್ತೆ ಅಳತೆ. ಮರ ನಿಧಾನಕ್ಕೆ ಬಗ್ಗುತ್ತದೆ, ಆದ್ದರಿಂದ ಮರುದಿನ ಇನ್ನೊಮ್ಮೆ ನೋಡಿ. ಅಳತೆಗೆ ಸರಿಯಾಗಿ ಕೂರದ ಎಲೆನ್ ಕೀ ಹಾಕಿದರೆ ತಿರುಪಿನ ಮೂಲೆ ಸವೆಯುತ್ತದೆ. ತಿರುಪು ಅಲ್ಲಾಡದಿದ್ದರೆ ಬಲ ಹಾಕಬೇಡಿ. ರಾಡ್ ಒಳಗೆ ಮುರಿದರೆ ನೆಕ್ಕೇ ಹೋದಂತೆ.

4. ತಂತಿಯ ಎತ್ತರ 17ನೇ ಫ್ರೆಟ್ ಮೇಲೆ ಅಳೆಯಿರಿ: ಇ ತಂತಿಗೆ ಸುಮಾರು 2.4 ಮಿಮೀ, ಜಿ ತಂತಿಗೆ 2 ಮಿಮೀ. ಸ್ಯಾಡಲ್‌ನ ಪುಟ್ಟ ತಿರುಪಿಗೆ ಸಾಮಾನ್ಯವಾಗಿ 1.5 ಮಿಮೀ ಎಲೆನ್ ಕೀ ಬೀಳುತ್ತದೆ. ನಿಂತ ವಾದ್ಯಗಳಲ್ಲಿ ಇದು 4 ಮಿಮೀ ತನಕ ಏರಿರುವುದುಂಟು. ಕೈ ಸೋಲುವುದು ಬಹುಪಾಲು ಇಲ್ಲಿಯೇ.

5. ಇಂಟೊನೇಶನ್: 12ನೇ ಫ್ರೆಟ್‌ನ ಹಾರ್ಮೋನಿಕ್ ಮತ್ತು ಅಲ್ಲೇ ಒತ್ತಿದ ಸ್ವರ ಒಂದೇ ಆಗಬೇಕು. ಒತ್ತಿದ್ದು ಏರಿದರೆ ಸ್ಯಾಡಲನ್ನು ಹಿಂದಕ್ಕೆ, ತಲೆಯಿಂದ ದೂರಕ್ಕೆ ಸರಿಸಿ. ಇಳಿದರೆ ಮುಂದಕ್ಕೆ. ಹಳೆಯ ತಂತಿಯಲ್ಲಿ ಇದನ್ನು ಮಾಡುವುದು ವ್ಯರ್ಥ, ಸವೆದ ತಂತಿ ಸರಿಯಾದ ಸ್ವರ ಕೊಡುವುದೇ ಇಲ್ಲ.

6. ಪಿಕಪ್: ಕೊನೆಯ ಫ್ರೆಟ್ ಒತ್ತಿದಾಗ ತಂತಿಗೂ ಪಿಕಪ್‌ಗೂ ನಡುವೆ ಸುಮಾರು 3 ಮಿಮೀ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯ ಕಂಪನವನ್ನು ಎಳೆದು ಸ್ವರ ಅಲುಗುತ್ತದೆ.

ಝರ್ ಎನ್ನುವ ಸದ್ದು ಎಲ್ಲಿಂದ ಬರುತ್ತದೆ ಎಂಬುದೇ ರೋಗದ ಹೆಸರು ಹೇಳುತ್ತದೆ. 1 ರಿಂದ 5ನೇ ಫ್ರೆಟ್‌ವರೆಗೆ ಮಾತ್ರವಾದರೆ ನೆಕ್ ತೀರಾ ನೇರ, ರಾಡ್ ಸಡಿಲಿಸಿ. 12ರ ಆಚೆಯಾದರೆ ಸ್ಯಾಡಲ್ ತಗ್ಗಿದೆ. ಎಲ್ಲೂ ಒತ್ತದೆ ಬಿಟ್ಟ ತಂತಿಯಲ್ಲಿ ಮಾತ್ರವಾದರೆ ನಟ್‌ನಲ್ಲಿ ತಂತಿ ಕೂರುವ ಸೀಳು ಆಳವಾಗಿದೆ. ಖಾತ್ರಿ ಮಾಡಿಕೊಳ್ಳಲು 2 ಮತ್ತು 3ನೇ ಫ್ರೆಟ್ ನಡುವೆ ಒತ್ತಿ, ಆಗ 1ನೇ ಫ್ರೆಟ್ ಮೇಲೆ ಕಾಗದದಷ್ಟು ಸಂದು ಇರಲೇಬೇಕು. ಒಂದೇ ಒಂದು ಜಾಗದಲ್ಲಾದರೆ ಪಕ್ಕದ ಫ್ರೆಟ್ ಎದ್ದಿದೆ: ಎಟಿಎಂ ಕಾರ್ಡಿನ ಅಂಚನ್ನು ಮೂರು ಫ್ರೆಟ್ ಮೇಲೆ ನಿಲ್ಲಿಸಿ, ತೂಗಿದರೆ ನಡುವಿನದು ಎತ್ತರ. ಎದ್ದ ಫ್ರೆಟ್ಟನ್ನು ಸುತ್ತಿಗೆಯಿಂದ ನೀವೇ ಬಡಿಯಬೇಡಿ, ಗಿಟಾರ್ ಕೆಲಸ ಗೊತ್ತಿರುವವರ ಕೈಗೆ ಕೊಡಿ. ಬಡಿಗ ಎಷ್ಟೇ ನಿಪುಣನಾದರೂ ಫ್ರೆಟ್ ಅರ ಬೇರೆಯೇ ಸಾಮಾನು.

ಜೂನ್‌ನಲ್ಲಿ ಒಮ್ಮೆ, ಮತ್ತೆ ಫೆಬ್ರುವರಿಯಲ್ಲಿ ಒಮ್ಮೆ ಎರಡನೇ ಹಂತದ ಅಳತೆ ನೋಡಿಕೊಳ್ಳಿ. ಹವೆ ಬದಲಾದಾಗ ನೆಕ್ ಕಾಲು ಸುತ್ತಿನಷ್ಟು ಸರಿಯುವುದು ಸಹಜ.

ದನಿ ಕೆರೆದರೆ, ಕಟ್ಟಾದರೆ, ಗುಂಯ್ ಎಂದರೆ

ವಾಲ್ಯೂಮ್ ತಿರುಗಿಸಿದಾಗ ಕರ್ ಕರ್ ಎಂದರೆ ಗುಂಡಿಯ ಕೆಳಗಿನ ಪಾಟ್ ಒಳಗೆ ಧೂಳು. ಹಿಂದಿನ ಮುಚ್ಚಳ ತೆಗೆದು ಪಾಟ್‌ನ ಬದಿಯ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸೆಕೆಂಡ್ ಊದಿ, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ 30 ಸಲ ತಿರುಗಿಸಿ. ಕೀಲಿಗೆ ಹಾಕುವ ಎಣ್ಣೆ ಬೇಡ, ಅದು ಉಳಿದು ಮತ್ತೆ ಧೂಳು ಹಿಡಿಯುತ್ತದೆ. ಕೇಬಲ್ ಅಲುಗಿಸಿದಾಗ ದನಿ ಕಟ್ಟಾಗುತ್ತಿದ್ದರೆ ಜ್ಯಾಕ್ ಸಡಿಲ. ಬರೀ ಹೊರಗಿನ ನಟ್ ಬಿಗಿದರೆ ಒಳಗಿನ ಜ್ಯಾಕ್ ತಿರುಗಿ ವೈರ್ ಹರಿಯುತ್ತದೆ. ಒಳಗೆ ಹಿಡಿದುಕೊಂಡು ಹೊರಗೆ ಬಿಗಿಯಿರಿ. ಬಿಟ್ಟ ಬೆಸುಗೆಯನ್ನು ಸೌಂಡ್ ಸಿಸ್ಟಮ್ ರಿಪೇರಿ ಮಾಡುವ ಯಾರೂ ಐದು ನಿಮಿಷದಲ್ಲಿ ಹಾಕಿಕೊಡುತ್ತಾರೆ.

ಗುಂಯ್ ಎನ್ನುವ ಸದ್ದಿಗೆ ಒಂದು ಪರೀಕ್ಷೆ ಇದೆ. ತಂತಿ ಮುಟ್ಟಿದಾಗ ಸದ್ದು ಇಳಿದರೆ ವಾದ್ಯದ ಒಳಗಿನ ಗ್ರೌಂಡ್ ಸರಿಯಿದೆ. ಮುಟ್ಟಿದಾಗ ಏರಿದರೆ ಬ್ರಿಜ್‌ಗೆ ಹೋಗುವ ವೈರ್ ಬಿಟ್ಟಿದೆ, ಇಲ್ಲವೇ ಜ್ಯಾಕಿನ ಎರಡು ವೈರ್ ಅದಲುಬದಲಾಗಿದೆ. ನಮ್ಮ ಕರೆಂಟ್ 50 ಹರ್ಟ್ಸ್, ಬೇಸಿನ ಇ ತಂತಿಯ 3ನೇ ಫ್ರೆಟ್‌ನ ಜಿ ಸ್ವರ 49. ಹಾಗಾಗಿ ಕೆಟ್ಟ ಲೈನಿನ ಗುಂಯ್‌ಗಾಟ ಜಿ ಸ್ವರದ ಮೇಲೆಯೇ ತುಸು ಅಪಸ್ವರವಾಗಿ ಕೂರುತ್ತದೆ, ಜಿ ಸಾ ಆದ ಹಾಡಿನಲ್ಲಿ ತಂಬೂರಿ ಕೆಟ್ಟಂತೆ ಕಾಡುತ್ತದೆ.

ಬ್ಯಾಟರಿ ಇರುವ ಆ್ಯಕ್ಟಿವ್ ಬೇಸ್‌ಗೆ ಬೇರೆ ಸ್ವಿಚ್ ಇರುವುದಿಲ್ಲ. ಕೇಬಲ್ ಚುಚ್ಚಿದರೆ ಆನ್. ರಾತ್ರಿಯಿಡೀ ಚುಚ್ಚಿಟ್ಟರೆ ಬ್ಯಾಟರಿ ಖಾಲಿ.

ಮನೆಗೆ 15 ರಿಂದ 20 ವ್ಯಾಟ್‌ನ ಬೇಸ್ ಆಂಪ್ ಸಾಕು, ಹೆಡ್‌ಫೋನ್ ಆಂಪ್ ಇದ್ದರೆ ಅದೂ ಬೇಡ. ಹಾಡು ಕೇಳುವ ಮನೆಯ ಸ್ಪೀಕರಿಗೆ ಬೇಸ್ ಜೋಡಿಸಿ ಜೋರು ಮಾಡಿದರೆ ಕೋನ್ ಹರಿಯುತ್ತದೆ. ಸಿಮೆಂಟ್ ಕೋಣೆಯ ಮೂಲೆಯಲ್ಲಿಟ್ಟ ಆಂಪ್ ಬರೀ ಗುಡುಗುತ್ತದೆ. ಮೂಲೆ ಬಿಡಿಸಿ ಕುರ್ಚಿಯ ಮೇಲಿಡಿ, ಸ್ವರ ಬಿಡಿಬಿಡಿಯಾಗುತ್ತದೆ.

ಕೈ

ಬೇಸ್‌ನ 1ನೇ ಫ್ರೆಟ್ ಮನೆಯ ಅಗಲ ಸುಮಾರು 48 ಮಿಮೀ. ಗಿಟಾರ್‌ನದು 36. ಬೇಸಿನಲ್ಲೇ 5ನೇ ಫ್ರೆಟ್ 38ಕ್ಕೆ ಇಳಿಯುತ್ತದೆ, 12ನೆಯದು 26ಕ್ಕೆ. ಆದ್ದರಿಂದ ಮೊದಲ ಎರಡು ವಾರ ಎಡಗೈ ಅಭ್ಯಾಸ 5ನೇ ಫ್ರೆಟ್‌ನಿಂದ ಮೇಲೆ ಮಾತ್ರ. ಹಳೆಯ ಚಟದಂತೆ 1ನೇ ಫ್ರೆಟ್‌ನಲ್ಲಿ ನಾಲ್ಕು ಬೆರಳು ಚಾಚಿದರೆ ಕಿರುಬೆರಳ ಕಡೆಯ ನರ ನೋಯುವುದು ಖಂಡಿತ.

ಕೆಳ ಫ್ರೆಟ್‌ಗಳಿಗೆ ಮರಳಿದಾಗ ಒಂದು–ಎರಡು–ನಾಲ್ಕು ಪದ್ಧತಿ ಹಿಡಿಯಿರಿ. ತೋರುಬೆರಳು ಒಂದು ಫ್ರೆಟ್, ನಡುಬೆರಳು ಮುಂದಿನದು, ಕಿರುಬೆರಳು ಅದರ ಮುಂದಿನದು. ಉಂಗುರಬೆರಳು ಕಿರುಬೆರಳ ಬೆನ್ನಿಗೆ. ನಿಲ್ಲಿಸಿ ನುಡಿಸುವ ಡಬಲ್ ಬೇಸ್‌ನವರ ಹಳೆಯ ಪದ್ಧತಿ ಇದು. ನಾಲ್ಕನೇ ಫ್ರೆಟ್ ಬೇಕಾದಾಗ ಬೆರಳು ಚಾಚಬೇಡಿ, ಇಡೀ ಕೈ ಸರಿಸಿ. ನಲವತ್ತು ದಾಟಿದ ಕೈಗೆ ಇದಕ್ಕಿಂತ ಒಳ್ಳೆಯದಿಲ್ಲ.

ಎಷ್ಟು ಒತ್ತಬೇಕು? ಫ್ರೆಟ್ ಕಂಬಿಯ ತೀರ ಹಿಂದೆ ಬೆರಳಿಟ್ಟು, ಬಲಗೈ ಮೀಟುತ್ತಿರುವಾಗ ನಿಧಾನ ಒತ್ತುತ್ತ ಹೋಗಿ. ಝರ್ ನಿಂತ ಕ್ಷಣದ ಬಲವೇ ಪೂರ್ತಿ ಬಲ, ಅದಕ್ಕಿಂತ ಹೆಚ್ಚಿನದೆಲ್ಲ ದಂಡ. ಹೆಬ್ಬೆರಳನ್ನು ನೆಕ್ ಹಿಂದಿನಿಂದ ಒಮ್ಮೆ ತೆಗೆದು ನೋಡಿ. ಆಗಲೂ ಸ್ವರ ಬರಬೇಕು, ತೋಳಿನ ತೂಕವೇ ತಂತಿಯನ್ನು ಹಿಡಿಯುತ್ತದೆ. ಬರದಿದ್ದರೆ ನೀವು ಹೆಬ್ಬೆರಳಿನಿಂದ ಚಿಮಟಿಗೆ ಹಾಕಿ ಹಿಂಡುತ್ತಿದ್ದೀರಿ.

ಮಣಿಕಟ್ಟು ಎರಡೂ ಕೈಯಲ್ಲಿ ನೇರ. ಹೆಗಲ ಪಟ್ಟಿಯನ್ನು ಮೊಣಕಾಲಿನವರೆಗೆ ಇಳಿಬಿಟ್ಟು ನಿಲ್ಲುವ ಷೋಕಿ ಇಪ್ಪತ್ತರ ಹರೆಯದ್ದು. ಹಾಗೆ ನಿಂತರೆ ಎಡ ಮಣಿಕಟ್ಟು ಪೂರ್ತಿ ಮಡಚಿ ಒಳಗಿನ ನರ ಅಮುಕುತ್ತದೆ. ಕೂತಾಗ ವಾದ್ಯ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಬರುವಂತೆ ಪಟ್ಟಿ ಬಿಗಿಯಿರಿ. ವಾದ್ಯದ ತೂಕ ಸಾಮಾನ್ಯವಾಗಿ ನಾಲ್ಕು ಕಿಲೋ ಸುತ್ತಮುತ್ತ ಇರುವುದರಿಂದ ಮೂರು ಇಂಚು ಅಗಲದ ಪಟ್ಟಿ ಬೇಕು.

ಬಲಗೈಯಲ್ಲಿ ತೋರು, ನಡುಬೆರಳು ಸರದಿಯಂತೆ. ಮೀಟಿದ ಬೆರಳು ಮೇಲಿನ ತಂತಿಗೆ ಬಂದು ಒರಗಿ ನಿಲ್ಲಲಿ, ಆ ತಂತಿಯನ್ನು ಅದೇ ಸುಮ್ಮನಿರಿಸುತ್ತದೆ. ಜಿ ಅಥವಾ ಡಿ ಮೀಟುವಾಗ ಹೆಬ್ಬೆರಳು ಕೆಳಗಿಳಿದು ಇ ಮತ್ತು ಎ ತಂತಿಗಳನ್ನು ಮುಚ್ಚಲಿ. ಮರಳಿ ಬಂದವರ ದನಿ ಗಲೀಜಾಗುವುದು ತಪ್ಪು ಸ್ವರದಿಂದ ಅಲ್ಲ, ಮುಚ್ಚದೆ ಬಿಟ್ಟ ತಂತಿಗಳ ಗುಂಜಾರದಿಂದ. ನಡುಬೆರಳು ಸೋತರೆ ತೋರುಬೆರಳು ಒಂದರಲ್ಲೇ ನುಡಿಸಿ, ನಾಚಿಕೆ ಬೇಡ. ಜೇಮರ್‌ಸನ್ ಬಲಗೈ ನುಡಿಸಿದ್ದು ಆ ಒಂದೇ ಬೆರಳಿನಲ್ಲಿ.

ಬೊಬ್ಬೆ ಎದ್ದರೆ ಒಡೆಯಬೇಡಿ, ಎರಡು ದಿನ ಬಿಡಿ. ಜಡ್ಡು ಕಟ್ಟಲು ಎರಡರಿಂದ ನಾಲ್ಕು ವಾರ. ಸ್ನಾಯು ದಣಿದು ಬೆಚ್ಚಗಾಗುವುದು ಸರಿ. ಚುಚ್ಚುವ ನೋವು, ಜುಮ್ಮೆನ್ನುವುದು, ಬೆರಳು ಮರಗಟ್ಟುವುದು ಸರಿಯಲ್ಲ, ಆ ಕ್ಷಣ ನಿಲ್ಲಿಸಿ. ರಾತ್ರಿ ನಿದ್ದೆಯಲ್ಲಿ ಕೈ ಮರಗಟ್ಟಿ ಎಚ್ಚರಾಗುತ್ತಿದ್ದರೆ, ಅಥವಾ ವಾರದ ವಿಶ್ರಾಂತಿಗೂ ನೋವು ಹೋಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಮುಲಾಮು ಹಚ್ಚಿಕೊಂಡು ನುಡಿಸುತ್ತ ಹೋದವರು ಆಮೇಲೆ ತಿಂಗಳುಗಟ್ಟಲೆ ಬಿಡಬೇಕಾಗುತ್ತದೆ.

ಹನ್ನೆರಡು ವಾರ

ಮೊದಲ ವಾರ ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ಫೋನಿನಲ್ಲಿ ಅಲಾರಂ ಇಡಿ. ಚೆನ್ನಾಗಿ ಬರುತ್ತಿದೆ ಎಂದು ಮುಂದುವರಿಸಿದ ದಿನವೇ ಕೈ ಕೆಡುತ್ತದೆ. ಮೆಟ್ರೊನೋಮ್ 60ಕ್ಕೆ, ಅಂದರೆ ನಿಮಿಷಕ್ಕೆ 60 ಬಡಿತ. ಐದು ನಿಮಿಷ ಬರೀ ಬಿಟ್ಟ ತಂತಿ: ಪ್ರತಿ ತಂತಿಗೆ ಎಂಟು ಮೀಟು, ಎರಡು ಬೆರಳು ಸರದಿ, ಎಲ್ಲವೂ ಒಂದೇ ಗಾತ್ರ. ಉಳಿದ ಐದು ನಿಮಿಷ ಡಿ, ಜಿ ತಂತಿಯಲ್ಲಿ 5ನೇ ಫ್ರೆಟ್‌ನಿಂದ ಒಂದು–ಎರಡು–ನಾಲ್ಕು. ಬೇಸರ ಬರುತ್ತದೆ. ಬರಲಿ.

ಎರಡನೇ ವಾರ ಹದಿನೈದು ನಿಮಿಷದಂತೆ ಎರಡು ಸಲ, ಎ ಮತ್ತು ಇ ತಂತಿಯೂ ಸೇರಲಿ. ಮೂರು, ನಾಲ್ಕನೇ ವಾರ ಇಪ್ಪತ್ತು ನಿಮಿಷದಂತೆ, ವಾರಕ್ಕೊಂದು ದಿನ ಪೂರ್ತಿ ರಜೆ. ಈಗ ಒಂದು ಹಾಡು, ನಿಧಾನದ್ದು, ಮೊದಲಿಂದ ಕೊನೆತನಕ ನಿಲ್ಲಿಸದೆ. ತಪ್ಪಿದರೆ ಹಿಂದೆ ಹೋಗದೆ ಮುಂದಿನ ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಸೇರಿಕೊಳ್ಳಿ, ಮೇಳದಲ್ಲಿ ಬೇಕಾಗುವ ಕಲೆ ಅದೇ. ಹಾಡಿನ ಬೇಸ್ ನಡೆ ಕಲಿಯಲು ಹೆಡ್‌ಫೋನ್ ಕಡ್ಡಾಯ, ಫೋನಿನ ಪುಟ್ಟ ಸ್ಪೀಕರಿನಿಂದ ಆ ಕೆಳಗಿನ ದನಿ ಹೊರಬರುವುದೇ ಇಲ್ಲ.

ಐದರಿಂದ ಎಂಟನೇ ವಾರ ದಿನಕ್ಕೆ ಒಟ್ಟು ಮುಕ್ಕಾಲು ಗಂಟೆ, ನಡುವೆ ಒಂದು ವಿರಾಮ. 1ನೇ ಫ್ರೆಟ್‌ಗೆ ಇಳಿಯಿರಿ. ಲಯ ಏರಿಸುವುದಾದರೆ ಮೆಟ್ರೊನೋಮ್ ನಾಲ್ಕು ನಾಲ್ಕು ಅಂಕ, ಮೂರು ಸಲ ತಪ್ಪಿಲ್ಲದೆ ಬಂದ ಮೇಲಷ್ಟೇ. ಅದಕ್ಕಿಂತ ಕಠಿಣ ಪರೀಕ್ಷೆ ಬೇಕೆಂದರೆ ಇಳಿಸಿ: 60ರ ಲಯವನ್ನು 30ಕ್ಕೆ ಇಟ್ಟು, ನಡುವಿನ ಖಾಲಿ ಜಾಗವನ್ನು ನೀವೇ ಹೊತ್ತುಕೊಳ್ಳಿ. ಓಡುತ್ತೀರೋ ಎಳೆಯುತ್ತೀರೋ ಎರಡು ನಿಮಿಷದಲ್ಲಿ ಬಯಲಾಗುತ್ತದೆ. ಕೊನೆಯ ನಾಲ್ಕು ವಾರ ನಿಂತು ನುಡಿಸಿ, ಒಂದು ಗಂಟೆಗೆ ತನ್ನಿ, ಮತ್ತು ಜೊತೆಗೆ ಒಬ್ಬರನ್ನಾದರೂ ಕೂರಿಸಿಕೊಳ್ಳಿ. ಢೋಲಕ್‌ನವರಿದ್ದರೆ ಉತ್ತಮ.

ಮೇಳಕ್ಕೆ ಸೇರುವಾಗ

ಈ ಭಾಗದಲ್ಲಿ ಬೇಸ್‌ಗೆ ಕೆಲಸವಿರುವುದು ಗಣಪತಿ ಹಬ್ಬದ, ಜಾತ್ರೆಯ ರಸಮಂಜರಿಗಳಲ್ಲಿ, ಚರ್ಚ್ ಗಾಯನದಲ್ಲಿ, ಈಚೆಗೆ ಭಜನೆ ಮತ್ತು ವಚನ ಗಾಯನದ ಜೊತೆಗೂ. ಹಾಡುವವರು ಸಿ ಶಾರ್ಪ್ ಎನ್ನುವುದಿಲ್ಲ, "ಕಾಳಿ ಒಂದು" ಎನ್ನುತ್ತಾರೆ. ಹಾರ್ಮೋನಿಯಂನ ಈ ಲೆಕ್ಕ ಬೆರಳಿಗೆ ಬರಬೇಕು. ಪಾಂಡರಿ ಒಂದು, ಅಂದರೆ ಬಿಳಿ ಒಂದು, ಎ ತಂತಿಯ 3ನೇ ಫ್ರೆಟ್. ಕಾಳಿ ಒಂದು 4ನೆಯದು. ಪಾಂಡರಿ ಎರಡು 5ನೆಯದು, ಕಾಳಿ ಎರಡು 6ನೆಯದು. ಪಾಂಡರಿ ನಾಕು ಇ ತಂತಿಯ 1ನೇ ಫ್ರೆಟ್. ಅಲ್ಲಿಂದ ಕಾಳಿ ಮೂರು, ಪಾಂಡರಿ ಐದು, ಕಾಳಿ ನಾಕು ಕ್ರಮವಾಗಿ 2, 3, 4. ಕಾಳಿ ಐದು 6ನೆಯದು.

ಸಾ ಸಿಕ್ಕರೆ ಉಳಿದದ್ದು ಆಕಾರ ಮಾತ್ರ. ಪಕ್ಕದ ದಪ್ಪ ತಂತಿಯ ಅದೇ ಫ್ರೆಟ್ ಮಂದ್ರ ಪ. ಮುಂದಿನ, ಅಂದರೆ ಪಕ್ಕದ ಸಣ್ಣ ತಂತಿಯ ಅದೇ ಫ್ರೆಟ್ ಮ. ಮುಂದಿನ ತಂತಿಯಲ್ಲಿ ಎರಡು ಫ್ರೆಟ್ ಮೇಲೆ ಪ. ಎರಡು ತಂತಿ ದಾಟಿ ಎರಡು ಫ್ರೆಟ್ ಮೇಲೆ ತಾರ ಸಾ. ಬಿಟ್ಟ ತಂತಿ ಬಳಸದೆ ಈ ಆಕಾರದಲ್ಲೇ ಕಲಿತರೆ ಗಾಯಕರು ವೇದಿಕೆಯಲ್ಲೇ ಸುರ ಬದಲಿಸಿದರೂ ಕೈಯನ್ನು ಅಷ್ಟೇ ಸರಿಸಿದರಾಯಿತು.

ಇಲ್ಲೊಂದು ಖೆಡ್ಡಾ ಇದೆ. ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ತಮಗೆ ಅನುಕೂಲವಾದ ಜಾಗದಲ್ಲೇ ನುಡಿಸುತ್ತಾರೆ, ಕೇಳಿದರೆ "ಸಿ ರೀ" ಎನ್ನುತ್ತಾರೆ. ಅವರ ಬೆರಳಿರುವುದು ಸಿ ಮೇಲೆ, ಹೊರಗೆ ಬರುವುದು ಡಿ. ಹಾಗಾಗಿ ಕೇಳಬೇಕಾದದ್ದು, "ಟ್ರಾನ್ಸ್‌ಪೋಸ್ ಎಷ್ಟೈತ್ರಿ?" ಎಂದು. ಇನ್ನೊಂದು ಮಾತನ್ನು ಮೊದಲೇ ಆಡಿಕೊಳ್ಳಿ: ಬೇಸ್ ವಾದಕರಿಲ್ಲದ ಮೇಳಗಳಲ್ಲಿ ಕೀಬೋರ್ಡಿನ ಎಡಗೈಯೇ ಬೇಸ್ ನುಡಿಸಿ ರೂಢಿಯಾಗಿರುತ್ತದೆ. ಇಬ್ಬರೂ ನುಡಿಸಿದರೆ ಕೆಳಗಿನ ದನಿ ಕೆಸರು. ಎಡಗೈ ಎತ್ತಿಕೊಳ್ಳಿ ಎಂದು ರಿಹರ್ಸಲ್‌ನಲ್ಲಿ ಮರ್ಯಾದೆಯಿಂದ ಹೇಳಿ, ವೇದಿಕೆಯಲ್ಲಿ ಹೇಳಿದರೆ ಜಗಳ.

ಕೇರವಾ ತಾಳದ ಎಂಟು ಮಾತ್ರೆಗೆ ಮೊದಲು ಬರೀ ಸಮ್ ಮೇಲೆ ಸಾ ಹಿಡಿದು ನಿಲ್ಲಿ. ಅದು ಅಲುಗದಂತಾದ ಮೇಲೆ 1, 4, 7ನೇ ಮಾತ್ರೆ. ಧಾ ಗೆ ನ ತಿ, ನ ಕ ಧಿ ನ: 1 ಮತ್ತು 7ರಲ್ಲಿ ಡಗ್ಗಾ (ತಬಲಾದ ಎಡಗೈ ಭಾಗ) ತೆರೆದ ದನಿ ಕೊಡುತ್ತದೆ, ನೀವು ಅದರ ಜೊತೆಗೆ ಬೀಳುತ್ತೀರಿ. 5ನೇ ಮಾತ್ರೆ ಖಾಲಿ, ಡಗ್ಗಾ ಸುಮ್ಮನಿರುತ್ತದೆ, ಅಲ್ಲಿ ನೀವೂ ತಂತಿ ಮುಚ್ಚಿಬಿಡಿ. ದಾದ್ರಾದ ಆರಕ್ಕೆ 1ರಲ್ಲಿ ಸಾ, 4ರಲ್ಲಿ ಹಗುರಾಗಿ ಮಂದ್ರ ಪ. ಡಗ್ಗಾದ ಗುಂಗೂ ಬೇಸ್‌ನ ದನಿಯೂ ಒಂದೇ ಓಣಿಯಲ್ಲಿ ಓಡಾಡುತ್ತವೆ, ಇಬ್ಬರೂ ಮಾತಾಡಿದರೆ ಯಾರದ್ದೂ ಕೇಳಿಸುವುದಿಲ್ಲ.

ರಾಗದ ಆಧಾರದ ವಚನ, ಭಜನೆಗೆ ಸಾ–ಪ ಕುರುಡಾಗಿ ಹಾಕಬೇಡಿ. ಕಿರಾಣಾ ಘರಾಣೆಯ ಗಾಯನ ಕೇಳಿ ಬೆಳೆದ ಊರುಗಳಿವು, ಮಾಲಕೌಂಸದಲ್ಲಿ ಪಂಚಮ ಬಿದ್ದರೆ ಮುಂದಿನ ಸಾಲಿನ ಹಿರಿಯರ ಹುಬ್ಬು ಏರುತ್ತದೆ. ಆ ರಾಗದಲ್ಲಿ ಪ ಇಲ್ಲ, ತಂಬೂರಿಯೂ ಮ–ಸಾ. ಬೇಸ್ ಕೂಡ ಸಾ ಮತ್ತು ಮ. ಭೂಪಾಲಿಯಲ್ಲಿ ಉಲ್ಟಾ, ಮ ವರ್ಜ್ಯ. ಚಲನಚಿತ್ರ ಗೀತೆಯ ಚಟದಿಂದ ಮ ಮೇಲೆ ನಿಂತ ನಾಲ್ಕನೇ ಕಾರ್ಡಿಗೆ ಜಾರಿದರೆ ರಾಗ ಕೆಟ್ಟಿತು.

ವೇದಿಕೆಯ ಕರೆಂಟು

ಪೆಂಡಾಲ್‌ಗಳ ತಾತ್ಕಾಲಿಕ ವೈರಿಂಗ್‌ನಲ್ಲಿ ಅರ್ಥಿಂಗ್ ಇದೆ ಎಂದು ನಂಬಬೇಡಿ. ಎಡಗೈ ತಂತಿಯ ಮೇಲಿದ್ದು ತುಟಿ ಮೈಕಿಗೆ ತಾಗಿದಾಗ ಹೊಡೆಯುವ ಶಾಕ್ ಹೃದಯದ ಹಾದಿಯಲ್ಲೇ ಹೋಗುತ್ತದೆ, ಮಳೆಯಲ್ಲಿ ನೆನೆದ ನೆಲವಾದರೆ ಇನ್ನೂ ಕೆಡುಕು. ಎಲ್ಲ ಆನ್ ಆದ ಮೇಲೆ, ವಾದ್ಯ ಕೊರಳಿಗೆ ಹಾಕುವ ಮುನ್ನ, ಮಲ್ಟಿಮೀಟರನ್ನು 750 ಅಥವಾ 600 ವೋಲ್ಟ್ ಎಸಿಗೆ ಇಟ್ಟು ಒಂದು ಕಡ್ಡಿ ಬ್ರಿಜ್‌ಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿಯಿರಿ. ಕಡ್ಡಿಯ ಲೋಹಕ್ಕೆ ಕೈ ತಾಗದಿರಲಿ. ಒಂದೆರಡು ವೋಲ್ಟ್ ತೋರಿಸಿದರೆ ಸರಿ. ಹತ್ತಾರು ತೋರಿಸಿದರೆ ಕೆಲವೊಮ್ಮೆ ಅಡಾಪ್ಟರಿನ ಸಣ್ಣ ಸೋರಿಕೆಯೇ ಇರಬಹುದು, ಆದರೂ ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಕೊಡುವ ತನಕ ಮುಟ್ಟಬೇಡಿ.

ಗುಂಯ್ ಹೋಗಲೆಂದು ಮೂರು ಪಿನ್‌ನ ದಪ್ಪ ಪಿನ್ ಮುರಿಯುವ ಪದ್ಧತಿ ಊರೂರಲ್ಲಿದೆ. ಸದ್ದು ಹೋಗುತ್ತದೆ ನಿಜ, ಜೊತೆಗೆ ನಿಮ್ಮನ್ನು ಕಾಯುವ ಹಾದಿಯೂ ಹೋಗುತ್ತದೆ. ಬದಲಿಗೆ, ವಾದ್ಯದ ದನಿಯನ್ನು ಮಿಕ್ಸರಿಗೆ ಕೊಡುವ ಡಿಐ ಬಾಕ್ಸ್ ಇಟ್ಟು ಅದರ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಅದು ದನಿಯ ಕೇಬಲಿನ ಗ್ರೌಂಡನ್ನಷ್ಟೇ ಬಿಡಿಸುತ್ತದೆ, ಕರೆಂಟಿನದನ್ನಲ್ಲ. ನಿಮ್ಮ ಆಂಪ್ ಮತ್ತು ಮೈಕಿನ ಮಿಕ್ಸರ್ ಒಂದೇ ಬೋರ್ಡಿನಿಂದ ಕರೆಂಟ್ ತೆಗೆದುಕೊಂಡರೂ ಅರ್ಧ ಗುಂಯ್ ಅಲ್ಲೇ ನಿಲ್ಲುತ್ತದೆ.

ಚೀಲದಲ್ಲಿ ಇರಬೇಕಾದದ್ದು: ಇನ್ನೊಂದು ಕೇಬಲ್, 9 ವೋಲ್ಟ್ ಬ್ಯಾಟರಿ, ಜಿ ತಂತಿ ಒಂದು, ರಾಡಿನ ಎಲೆನ್ ಕೀ, ಸಿಲಿಕಾ ಜೆಲ್ ಪೊಟ್ಟಣ ಎರಡು, ಒಣ ಬಟ್ಟೆ. ಬಸ್ಸಿನಲ್ಲಿ ಮೇಲಿನ ಕಟ್ಟೆಗೆ ಹಾಕದೆ ಕಾಲ ನಡುವೆ ನಿಲ್ಲಿಸಿಕೊಳ್ಳಿ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಕಾರ್ಯಕ್ರಮ ಮುಗಿದ ಮೇಲೆ ಊಟಕ್ಕೆ ಏಳುವ ಮುನ್ನ ಕೇಬಲ್ ಕಿತ್ತು, ನಾಲ್ಕೂ ತಂತಿಯನ್ನು ಮೇಲೆ ಕೆಳಗೆ ಬಟ್ಟೆಯಿಂದ ಹಿಡಿದು ಒರೆಸಿ, ಬೆವರು ಒಳಸುತ್ತಿಗೆ ಇಳಿಯುವ ಮೊದಲೇ.